ರಾಣಿ ಛಾಪಿನ ರೂಪಾಯಿ ಮಾರಿದ ಮೇಲೆ

ಹಳೆಯ ನಾಣ್ಯ ಕೂಡಿಡುವ ಹವ್ಯಾಸದವರನ್ನು ಮಾತಿಗೆಳೆದು ನೋಡಿ. ತಮ್ಮ ಹತ್ತಿರ ಇರುವ ನಾಣ್ಯಗಳ ಬಗ್ಗೆ ಐದು ನಿಮಿಷ ಹೇಳುತ್ತಾರೆ. ಮಾರಿ ಕಳೆದುಕೊಂಡ ಒಂದು ನಾಣ್ಯದ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ಯಾವ ವರ್ಷದ್ದು, ಯಾರಿಗೆ ಕೊಟ್ಟದ್ದು, ಎಷ್ಟಕ್ಕೆ ಕೊಟ್ಟದ್ದು, ಆಮೇಲೆ ಅದು ಎಷ್ಟಕ್ಕೆ ಹೋಯಿತು, ಎಲ್ಲವೂ ಬಾಯಿಪಾಠ.

ಈ ಸಂಕಟ ಸಂಗ್ರಾಹಕರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಹಳ್ಳಿಗಳಲ್ಲಿ ನಾಣ್ಯ ಸಂಗ್ರಾಹಕ ಎಂಬ ಪದ ಕೇಳದವರ ಮನೆಯಲ್ಲೂ ಇಂಥದೊಂದು ಕಥೆ ಇರುತ್ತದೆ. ಅಜ್ಜಿಯ ಕೊರಳಲ್ಲಿ ರೂಪಾಯಿ ಸರ ಇತ್ತು, ಬರ ಬಿದ್ದ ವರ್ಷ ಪತ್ತಾರನಿಗೆ ಹಾಕಿದೆವು. ಗೋಡೆ ಕೆಡವಿದಾಗ ಗಡಿಗೆ ಸಿಕ್ಕಿತ್ತು, ತೂಕಕ್ಕೆ ಕೊಟ್ಟೆವು. ಬೆಳ್ಳಿ ಚೊಂಬು ಮಾಡಿಸಲು ಕರಗಿಸಿದೆವು. ಈ ಕಥೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ನಮ್ಮ ದೇಶದ ಬೆಳ್ಳಿ ರೂಪಾಯಿಯ ಚರಿತ್ರೆಯೇ ಆಗುತ್ತದೆ. ಆ ರೂಪಾಯಿ ಹೇಗೆ ಬಂತು, ಎಲ್ಲಿ ಹೋಯಿತು, ಯಾರು ಯಾಕೆ ಮಾರಿದರು ಎಂದು ಒಮ್ಮೆ ನೋಡೋಣ.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ನಮೂನೆಯ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸುಮಾರು 11.66 ಗ್ರಾಂ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಒಂದು ತೊಲ ಎಂದರೂ ಇದೇ ತೂಕ. ಅದಕ್ಕೇ ಆಗಿನ ಅಂಗಡಿಗಳಲ್ಲಿ ರೂಪಾಯಿಯನ್ನೇ ತಕ್ಕಡಿಯ ಕಲ್ಲಾಗಿ ಇಡುತ್ತಿದ್ದರು. 80 ರೂಪಾಯಿ ತೂಕಕ್ಕೆ ಒಂದು ಪಕ್ಕಾ ಸೇರು. ಕೈಯಲ್ಲಿದ್ದ ರೂಪಾಯಿ ಹಣವೂ ಹೌದು, ತೂಕದ ಕಲ್ಲೂ ಹೌದು, ಬೆಳ್ಳಿಯೂ ಹೌದು. ಇದನ್ನು ನೆನಪಿಡಿ, ಮುಂದೆ ಆದದ್ದಕ್ಕೆಲ್ಲ ಮೂಲ ಇದೇ.

ಮೊದಲು ನಾಲ್ಕನೆಯ ವಿಲಿಯಂ ದೊರೆಯ ತಲೆ ಇತ್ತು. ಆಮೇಲೆ ವಿಕ್ಟೋರಿಯಾ ರಾಣಿ ಬಂದಳು. ನಮ್ಮ ಕಡೆ ಹಿರಿಯರು ಈಗಲೂ ರಾಣಿ ಛಾಪಿನ ರೂಪಾಯಿ ಎನ್ನುವುದು ಅದನ್ನೇ. ರಾಣಿಯ ನಾಣ್ಯದಲ್ಲಿ ಒಂದು ತಮಾಷೆ ಇದೆ. 1840 ಎಂದು ಬರೆದ ರೂಪಾಯಿಯನ್ನು ಅದೇ ವರ್ಷ ಹೊಡೆದದ್ದು ಎಂದು ಹೇಳಲಾಗದು. ಅಚ್ಚಿನ ಮೇಲಿನ ವರ್ಷ ಬದಲಿಸದೆ ಎರಡು ದಶಕ ಅದನ್ನೇ ಹೊಡೆದರು. 1862ರ ರೂಪಾಯಿಯೂ ಹಾಗೇ, ಮುಂದೆ ಹತ್ತಾರು ವರ್ಷ ಅದೇ ಇಸವಿ ಹೊತ್ತು ಬಂತು. 1877ರಿಂದ ಮೇಲಿನ ನಾಣ್ಯಗಳಲ್ಲಿ ರಾಣಿ ಹೋಗಿ ಮಹಾರಾಣಿ ಎಂಬ ಬರಹ ಬಂತು.

ಈ ರೂಪಾಯಿ ಹಳ್ಳಿಗೆ ಬಂದರೆ ಬಹುಪಾಲು ಮತ್ತೆ ಪೇಟೆಗೆ ಹೋಗುತ್ತಿರಲಿಲ್ಲ. ಬ್ಯಾಂಕು ಹತ್ತಿರ ಇರಲಿಲ್ಲ. ಹತ್ತಿ, ಶೇಂಗಾ, ರಾಗಿ ಮಾರಿದ ದುಡ್ಡಲ್ಲಿ ಉಳಿದದ್ದು ಗಡಿಗೆಗೆ ಹೋಗುತ್ತಿತ್ತು, ಇಲ್ಲವೇ ಹೆಂಗಸರ ಮೈಮೇಲೆ ಏರುತ್ತಿತ್ತು. ಕೊಂಡಿ ಬೆಸೆದು ಸರ ಮಾಡಿದರು. ಲಂಬಾಣಿ ತಾಂಡಾಗಳಲ್ಲಿ ರೂಪಾಯಿ, ಎಂಟಾಣೆ, ನಾಲ್ಕಾಣೆಗಳನ್ನು ಬಟ್ಟೆಗೇ ಹೊಲಿದುಕೊಂಡರು. ಉತ್ತರ ಕರ್ನಾಟಕದ ಪುತಳಿ ಸರದ ಕಥೆಯೂ ಇಂಥದೇ. ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯ ವ್ಯಾಪಾರದ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಅದರ ಮೇಲೆ ನಿಂತಿದ್ದ ಸಂತ ಮತ್ತು ನಗರದ ಒಡೆಯನ ಚಿತ್ರ ನಮ್ಮವರ ಕಣ್ಣಿಗೆ ಎರಡು ಗೊಂಬೆಗಳಾಗಿ ಕಂಡಿತು. ಗೊಂಬೆ ಎಂದರೆ ಪುತಳಿ. ಹಣವಾಗಿ ಬಂದದ್ದು ಒಡವೆಯಾಗಿ ಉಳಿಯಿತು.

ಇನ್ನು ಬೆಳ್ಳಿ ಎಲ್ಲಿಂದ ಬಂತು? ಭಾರತದಲ್ಲಿ ಹೇಳಿಕೊಳ್ಳುವಂಥ ಬೆಳ್ಳಿ ಗಣಿ ಇರಲಿಲ್ಲ. ಬೆಳ್ಳಿಯೆಲ್ಲ ಹೊರಗಿನಿಂದಲೇ ಬರಬೇಕು. ಇಲ್ಲಿ ಅಮೆರಿಕದ ಸಂಗ್ರಾಹಕರ ದೊಡ್ಡ ಸಂಕಟ ನಮ್ಮ ಊರಿನ ರೂಪಾಯಿಯ ಜೊತೆ ತಳಕು ಹಾಕಿಕೊಳ್ಳುತ್ತದೆ.

ಮೊದಲ ಮಹಾಯುದ್ಧದ ಕಾಲ. ಬ್ರಿಟಿಷರು ಭಾರತದಿಂದ ಧಾನ್ಯ, ಸೆಣಬು, ಚರ್ಮ ಖರೀದಿಸಿ ಯುದ್ಧಕ್ಕೆ ಕಳಿಸುತ್ತಿದ್ದರು. ಅದಕ್ಕೆಲ್ಲ ರೂಪಾಯಿ ಬೇಕು. ನೋಟು ಕೊಟ್ಟರೆ ಜನ ನಂಬುತ್ತಿರಲಿಲ್ಲ. ಖಜಾನೆಗೆ ನೋಟು ತೆಗೆದುಕೊಂಡು ಹೋಗಿ ಬೆಳ್ಳಿ ರೂಪಾಯಿ ಕೊಡಿ ಎನ್ನುತ್ತಿದ್ದರು. ಕೇಳಿದರೆ ಸರ್ಕಾರ ಕೊಡಲೇಬೇಕಿತ್ತು. 1917ರ ಕೊನೆಗೆ ಮೊದಲ ಬಾರಿಗೆ ಒಂದು ರೂಪಾಯಿಯ ನೋಟು ಬಂತು, 1918ರಲ್ಲಿ ಎರಡೂವರೆ ರೂಪಾಯಿಯದೂ ಬಂತು. ಜನ ಅದನ್ನು ಅನುಮಾನದಿಂದಲೇ ನೋಡಿದರು. 1918ರ ವಸಂತದಲ್ಲಿ ಮುಂಬೈಯಲ್ಲಿ ನೋಟು ಬದಲಿಸಿಕೊಳ್ಳಲು ಜನ ಮುಗಿಬಿದ್ದರು. ಖಜಾನೆಯ ಬೆಳ್ಳಿ ದಿನದಿನಕ್ಕೆ ತಳ ಕಾಣತೊಡಗಿತು.

ಆಗ ಅಮೆರಿಕ ಸಹಾಯಕ್ಕೆ ಬಂತು. ಅಲ್ಲಿನ ಖಜಾನೆಯಲ್ಲಿ ಬೆಳ್ಳಿಯ ಡಾಲರ್ ನಾಣ್ಯಗಳು ಚೀಲಗಟ್ಟಲೆ ಬಿದ್ದಿದ್ದವು. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಎಂಬುದನ್ನು ಮಾಡಿ ಅವುಗಳನ್ನು ಕರಗಿಸಲು ಒಪ್ಪಿಗೆ ಕೊಟ್ಟರು. ಹಾಗೆ ಕರಗಿದ್ದು 27 ಕೋಟಿಗೂ ಹೆಚ್ಚು ಡಾಲರ್ ನಾಣ್ಯ. ಆ ಬೆಳ್ಳಿಯ ಬಹುಭಾಗ ಹಡಗು ಹತ್ತಿ ಭಾರತಕ್ಕೆ ಬಂತು, ಐದನೆಯ ಜಾರ್ಜ್ ದೊರೆಯ ತಲೆ ಹೊತ್ತ ರೂಪಾಯಿಯಾಯಿತು. ಲೆಕ್ಕ ಹಾಕಿದರೆ ಒಂದು ಡಾಲರ್‌ನ ಬೆಳ್ಳಿಗೆ ಎರಡೂಕಾಲು ರೂಪಾಯಿ ಆಗುತ್ತದೆ.

ಯಾವ ವರ್ಷದ, ಯಾವ ಟಂಕಸಾಲೆಯ ಡಾಲರ್ ಎಷ್ಟು ಕರಗಿತು ಎಂದು ಯಾರೂ ಬರೆದಿಡಲಿಲ್ಲ. ಅಮೆರಿಕದ ಸಂಗ್ರಾಹಕರು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇದಕ್ಕೆ. ಲಕ್ಷಗಟ್ಟಲೆ ಹೊಡೆದ ನಾಣ್ಯ ಎಂದು ಪುಸ್ತಕ ಹೇಳುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅಂಥ ಡಾಲರ್‌ಗಳ ಬೆಳ್ಳಿ ವಿಜಯಪುರದ ಯಾವುದೋ ಮನೆಯ ಡಾಬಿನಲ್ಲೋ ಕಲಘಟಗಿಯ ಯಾವುದೋ ತೊಟ್ಟಿಲ ಗೆಜ್ಜೆಯಲ್ಲೋ ಇದ್ದರೂ ಇದ್ದೀತು. ನಿಮ್ಮ ಮನೆಯಲ್ಲಿ 1918, 1919ರ ರೂಪಾಯಿ ಇದ್ದರೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಅದರ ಬೆಳ್ಳಿ ಅಮೆರಿಕ ನೋಡಿ ಬಂದಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಐದನೆಯ ಜಾರ್ಜ್ ಎಂದಾಗ ಹಂದಿ ರೂಪಾಯಿಯ ಪ್ರಸಂಗ ಬಿಡುವಂತಿಲ್ಲ. 1911ರಲ್ಲಿ ಅವನ ಹೆಸರಿನ ಮೊದಲ ರೂಪಾಯಿ ಬಂದಾಗ ಅವನ ಮೇಲಂಗಿಯ ಮೇಲಿನ ಸರದಲ್ಲಿ ಪುಟ್ಟ ಆನೆಯೊಂದನ್ನು ಕೊರೆದಿದ್ದರು. ಸೊಂಡಿಲು ಮೊಂಡು, ಕಾಲು ಗಿಡ್ಡ. ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರಿಂದ ಆಕ್ಷೇಪ ಬಂತು. ಸರ್ಕಾರ ಬೆದರಿ ಚಲಾವಣೆ ನಿಲ್ಲಿಸಿತು. ಹೊಡೆದದ್ದು ಸುಮಾರು 94 ಲಕ್ಷ, ಜನರ ಕೈಗೆ ಬಂದದ್ದು ಸುಮಾರು 7 ಲಕ್ಷ ಅಷ್ಟೇ. ಉಳಿದದ್ದನ್ನು ಕರಗಿಸಿ 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಹೊಡೆದರು. ಆ ಏಳು ಲಕ್ಷದಲ್ಲಿ ಕೆಲವು ನಮ್ಮ ಹಳ್ಳಿಗಳಿಗೂ ಬಂದಿರಲೇಬೇಕು. ತಕ್ಕಡಿಗೆ ಹಾಕುವಾಗ ಯಾರು ತಾನೇ ಭೂತಗನ್ನಡಿ ಹಿಡಿದು ಆನೆಯ ಕಾಲು ನೋಡುತ್ತಾರೆ?

ನಿಜವಾದ ಕರಗುವಿಕೆ ನಡೆದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದ ಸುದ್ದಿ ಬಂದದ್ದೇ ತಡ, ಇಂಗ್ಲೆಂಡ್ ಕೂಡ ಮುಳುಗುತ್ತದೆ ಎಂಬ ಮಾತು ಹಬ್ಬಿತು. ದೊರೆಯ ನೋಟಿಗೆ ನಾಳೆ ಬೆಲೆ ಇರುವುದೋ ಇಲ್ಲವೋ, ಬೆಳ್ಳಿಗಂತೂ ಇರುತ್ತದೆ. ಜನ ರೂಪಾಯಿ ಅಡಗಿಸಿಟ್ಟರು. ಚಿಲ್ಲರೆ ಮಾಯವಾಯಿತು. ಅಗತ್ಯಕ್ಕಿಂತ ಹೆಚ್ಚು ನಾಣ್ಯ ಕೂಡಿಟ್ಟುಕೊಳ್ಳುವುದು ಅಪರಾಧ ಎಂದು ಸರ್ಕಾರ ಆದೇಶ ಹೊರಡಿಸಿತು. ಮತ್ತೆ ಒಂದು ರೂಪಾಯಿ ನೋಟು ತಂದಿತು. ರೂಪಾಯಿಯಲ್ಲಿದ್ದ ಬೆಳ್ಳಿಯನ್ನು ನೂರಕ್ಕೆ ಐವತ್ತಕ್ಕೆ ಇಳಿಸಿತು. ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5.

ಒಂದೇ ಬೆಲೆಯ ಎರಡು ನಾಣ್ಯ ಇದ್ದು ಒಂದರಲ್ಲಿ ಬೆಳ್ಳಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇದ್ದರೆ ನೀವು ಯಾವುದನ್ನು ಖರ್ಚು ಮಾಡುತ್ತೀರಿ? ಇದಕ್ಕೆ ಅರ್ಥಶಾಸ್ತ್ರದಲ್ಲಿ ಗ್ರೆಶಾಂ ನಿಯಮ ಎಂದು ಹೆಸರಿದೆ. ನಮ್ಮ ಅಜ್ಜಿಯಂದಿರಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಹಳೆಯದು ಗಡಿಗೆಗೆ, ಹೊಸದು ಸಂತೆಗೆ.

ಸರ್ಕಾರಕ್ಕೂ ಅದು ಗೊತ್ತಿತ್ತು. ಹಳೆಯ ರೂಪಾಯಿಗಳನ್ನು ಒಂದೊಂದಾಗಿ ರದ್ದು ಮಾಡುತ್ತ ಬಂತು. ವಿಕ್ಟೋರಿಯಾಳ ರೂಪಾಯಿ 1941ರಲ್ಲಿ, ಎಡ್ವರ್ಡ್‌ನದು 1942ರಲ್ಲಿ, ಐದನೆಯ ಮತ್ತು ಆರನೆಯ ಜಾರ್ಜ್‌ರ ಹಳೆಯ ಬೆಳ್ಳಿ ರೂಪಾಯಿ 1943ರಲ್ಲಿ ಚಲಾವಣೆ ಕಳೆದುಕೊಂಡವು. ಖಜಾನೆಗೆ ಬಂದದ್ದು ಕುಲುಮೆಗೆ ಹೋಯಿತು. ಎರಡು ಸಾವಿರದ ನೋಟು ವಾಪಸಾದದ್ದನ್ನು ಕಂಡ ನಮಗೆ ಆ ಗಡಿಬಿಡಿ ಊಹಿಸುವುದು ಕಷ್ಟವಲ್ಲ. ಒಂದು ವ್ಯತ್ಯಾಸ ಇತ್ತು. ರದ್ದಾದ ನೋಟು ಬರೀ ಕಾಗದ. ರದ್ದಾದ ರೂಪಾಯಿ ಆಗಲೂ ಒಂದು ತೊಲ ಬೆಳ್ಳಿ. ಹಳ್ಳಿಯವರು ಅವಸರ ಮಾಡಲಿಲ್ಲ. ಅದಕ್ಕೇ ಇವತ್ತಿಗೂ ರಾಣಿ ಛಾಪಿನ ರೂಪಾಯಿ ಅಲ್ಲಲ್ಲಿ ಉಳಿದಿದೆ.

ಯುದ್ಧ ಮುಗಿಯುವ ಹೊತ್ತಿಗೆ ಭಾರತ ಅಮೆರಿಕದಿಂದ ಸುಮಾರು 22 ಕೋಟಿ ಔನ್ಸ್ ಬೆಳ್ಳಿ ಸಾಲ ತಂದಿತ್ತು. ಬೆಳ್ಳಿಯ ಸಾಲವನ್ನು ಬೆಳ್ಳಿಯಿಂದಲೇ ತೀರಿಸಬೇಕು. 1947ರಲ್ಲಿ ಹುಲಿ ಚಿತ್ರದ ನಿಕ್ಕಲ್ ರೂಪಾಯಿ ಬಂದದ್ದು ಇದೇ ಕಾರಣಕ್ಕೆ. ಅರ್ಧ ಬೆಳ್ಳಿಯ ರೂಪಾಯಿಗಳನ್ನು ವಾಪಸು ಪಡೆದು, ಕಲ್ಕತ್ತೆಯಲ್ಲಿ ಬೆಳ್ಳಿ ಬೇರ್ಪಡಿಸಿ ಅಮೆರಿಕಕ್ಕೆ ಕಳಿಸಿದರು. 1918ರಲ್ಲಿ ಬಂದ ಬೆಳ್ಳಿ ನಾಲ್ಕು ದಶಕದಲ್ಲಿ ಬಂದ ದಾರಿಯಲ್ಲೇ ಮರಳಿ ಹೋದಂತಾಯಿತು.

ಈ ಎಲ್ಲ ಗದ್ದಲದ ನಡುವೆ ಸಿಕ್ಕಿಬಿದ್ದದ್ದು 1939ರ ರೂಪಾಯಿ. ಅದು ಹಳೆಯ ಶುದ್ಧತೆಯ ಕೊನೆಯ ವರ್ಷದ್ದು. ಜನರ ಕೈಯಲ್ಲಿ ಹಳೆಯದಾಗುವ ಮೊದಲೇ ಬೆಳ್ಳಿ ಇಳಿಸುವ ಕಾಲ ಬಂತು. ಕರಗಿ ಹೋದದ್ದೇ ಹೆಚ್ಚು. ಇವತ್ತು ಬ್ರಿಟಿಷ್ ಕಾಲದ ರೂಪಾಯಿ ಸಂಗ್ರಹ ಮಾಡುವವರೆಲ್ಲ ಹುಡುಕುವ ನಾಣ್ಯ ಅದು. 1862 ಅಥವಾ 1907ರ ರೂಪಾಯಿ ಎಷ್ಟೇ ಹಳೆಯದಾದರೂ ಸಾಧಾರಣ ಸ್ಥಿತಿಯದಾದರೆ ಅದರಲ್ಲಿನ ಬೆಳ್ಳಿಗಿಂತ ಸ್ವಲ್ಪ ಹೆಚ್ಚಿಗೆ ಹೋಗುತ್ತದೆ. ಅದಕ್ಕಿಂತ ಎಷ್ಟೋ ಚಿಕ್ಕ ವಯಸ್ಸಿನ 1939ರದು ಅದರ ಹತ್ತಾರು ಪಟ್ಟು ಬಾಳುತ್ತದೆ. ಹಳೆಯದು ಎಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಹೇಗೆ ಉಳಿದಿವೆ ಎಂಬುದರ ಮೇಲೆ ಬರುತ್ತದೆ.

ಹಾಗಾದರೆ ಮಾರಿದವರು ಮೂರ್ಖರೇ? ಅಲ್ಲವೇ ಅಲ್ಲ. ಇದನ್ನು ಒತ್ತಿ ಹೇಳಬೇಕು. 1970ರ ದಶಕದ ಮೊದಲ ವರ್ಷಗಳಲ್ಲಿ ಉತ್ತರ ಕರ್ನಾಟಕ ಕಂಡ ಬರವನ್ನು ನೆನೆಯಿರಿ. ಹೊಟ್ಟೆಗೆ ಜೋಳ ಇಲ್ಲದ ಮನೆಯವರು ರೂಪಾಯಿ ಸರವನ್ನು ಸರಾಫನ ತಕ್ಕಡಿಗೆ ಹಾಕಿದರೆ ಅದು ನಷ್ಟದ ವ್ಯಾಪಾರ ಅಲ್ಲ. ಆ ಸರ ಇದ್ದದ್ದೇ ಅಂಥ ದಿನಕ್ಕಾಗಿ. ಬರ, ಮದುವೆ, ಬಿತ್ತನೆ ಬೀಜ, ಆಸ್ಪತ್ರೆ, ಇವುಗಳಿಗೆ ಮಾರಿದ ನಾಣ್ಯ ತನ್ನ ಕೆಲಸ ಮಾಡಿತು.

ಆದರೂ ಆ ತಕ್ಕಡಿಯ ಬಳಿ ಒಂದು ವಿಷಯ ಗಮನಿಸಬೇಕು. ಸರ ಹೆಂಗಸಿನದು. ಮಾರಲು ಹೋದವನು ಗಂಡಸು. ಕೊಟ್ಟದ್ದು ಹೆಂಗಸಿನ ತವರು, ಕರಗಿಸಿದ್ದು ಗಂಡನ ಮನೆ. ಮಳೆ ಬಂದು ಬೆಳೆ ಕೈಗೆ ಹತ್ತಿದ ಮೇಲೆ ಹೊಲಕ್ಕೆ ಗೊಬ್ಬರ ಬಂತು, ಎತ್ತು ಬಂತು. ಸರ ಮರಳಿ ಬಂದ ಮನೆಗಳು ಎಷ್ಟು? ಬೆಳ್ಳಿ ರೂಪಾಯಿಯ ಪಶ್ಚಾತ್ತಾಪದ ಬಗ್ಗೆ ಗಂಡಸರು ಮಾತಾಡುವಾಗ ಬೆಲೆಯ ಲೆಕ್ಕ ಹೇಳುತ್ತಾರೆ. ಹೆಂಗಸರನ್ನು ಕೇಳಿದರೆ, ಅವ್ವ ಕೊಟ್ಟದ್ದು ಎನ್ನುತ್ತಾರೆ. ಎರಡೂ ನಷ್ಟವೇ, ಆದರೆ ಒಂದೇ ನಷ್ಟವಲ್ಲ.

ಅವಸರದ ಮಾರಾಟಕ್ಕೆ ಇನ್ನೊಂದು ಕಾರಣ ಬೆಲೆ ಏರಿಕೆ. 1979ರ ಆರಂಭದಲ್ಲಿ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಳ್ಳಿ ಔನ್ಸಿಗೆ 6 ಡಾಲರ್ ಆಸುಪಾಸು ಇತ್ತು. ಅಮೆರಿಕದ ಟೆಕ್ಸಾಸ್‌ನ ಹಂಟ್ ಸಹೋದರರು ಜಗತ್ತಿನ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೊರಟರು. 1980ರ ಜನವರಿಯಲ್ಲಿ ಬೆಲೆ ಸುಮಾರು 50 ಡಾಲರ್‌ಗೆ ಹೋಯಿತು. ಅಮೆರಿಕದಲ್ಲಿ ಅಂಗಡಿಗಳ ಮುಂದೆ ಸಾಲು ನಿಂತಿತು. ಚಮಚ, ತಟ್ಟೆ, ನಾಣ್ಯ, ಕೈಗೆ ಸಿಕ್ಕ ಬೆಳ್ಳಿಯನ್ನೆಲ್ಲ ಜನ ಹೊತ್ತು ತಂದರು. ಜೀವಮಾನವಿಡೀ ಕೂಡಿಸಿದ ನಾಣ್ಯಗಳೂ ಕುಲುಮೆಗೆ ಬಿದ್ದವು. ಮಾರ್ಚ್ ಅಂತ್ಯಕ್ಕೆ ಬೆಳ್ಳಿ 11 ಡಾಲರ್ ಆಸುಪಾಸಿಗೆ ಕುಸಿಯಿತು. ಜನವರಿಯಲ್ಲಿ ಮಾರಿದವರು ದುಡ್ಡಿನ ಲೆಕ್ಕದಲ್ಲಿ ಗೆದ್ದರು. ಆ ದುಡ್ಡಲ್ಲಿ ಬೆಳ್ಳಿ ಮತ್ತೆ ಕೊಳ್ಳಬಹುದಿತ್ತು. ಕರಗಿದ ನಾಣ್ಯವನ್ನು ಎಲ್ಲಿಂದ ಕೊಳ್ಳುವುದು?

ಇದನ್ನು ಈಗ ಹೇಳಲು ಕಾರಣವಿದೆ. 2025ರಲ್ಲಿ ನಮ್ಮಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ ಮುಂದೆ ಹೋಯಿತು. ಒಂದು ರಾಣಿ ಛಾಪಿನ ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಕಿಲೋಗೆ ಒಂದು ಲಕ್ಷ ಹಿಡಿದರೂ ಬೆಳ್ಳಿಯ ಬೆಲೆಯೇ ಸಾವಿರ ರೂಪಾಯಿ ದಾಟುತ್ತದೆ. ಹಳ್ಳಿಗಳಲ್ಲಿ ಉಳಿದ ಕೊನೆಯ ಗಡಿಗೆಗಳು ಖಾಲಿಯಾಗುವ ಕಾಲ ಇದು.

ಸಂಗ್ರಾಹಕರ ಲೋಕದಲ್ಲಿ ಮಾರಾಟದ ದೊಡ್ಡ ಪಾಠಶಾಲೆ ಎಂದರೆ ಈಜಿಪ್ಟಿನ ದೊರೆ ಫಾರೂಕ್‌ನ ಹರಾಜು. ಈತ ತಿನ್ನುವುದರಲ್ಲಿ, ಕೂಡಿಡುವುದರಲ್ಲಿ ಮಿತಿಯೇ ಇಲ್ಲದವನು. 1952ರಲ್ಲಿ ಸೈನ್ಯ ದಂಗೆಯೆದ್ದು ಅವನನ್ನು ದೇಶ ಬಿಡಿಸಿತು. ಹೊಸ ಸರ್ಕಾರ 1954ರಲ್ಲಿ ಕೈರೋದ ಅರಮನೆಯಲ್ಲೇ ಅವನ ನಾಣ್ಯಗಳನ್ನು ಹರಾಜಿಗಿಟ್ಟಿತು. ಸಾವಿರಾರು ನಾಣ್ಯ. ಒಂದೊಂದಾಗಿ ಮಾರುವ ತಾಳ್ಮೆ ಯಾರಿಗಿತ್ತು? ಅಪರೂಪದ್ದನ್ನೂ ಸಾಮಾನ್ಯದ್ದನ್ನೂ ಒಟ್ಟಿಗೆ ಗುಡ್ಡೆ ಹಾಕಿ ಕೂಗಿದರು.

ಅಲ್ಲಿಗೆ ಹೋದವರಲ್ಲಿ ಜಾನ್ ಜೆ. ಪಿಟ್‌ಮನ್ ಎಂಬ ಅಮೆರಿಕನ್ ಒಬ್ಬ. (ಮೇಲಿನ ಪಿಟ್‌ಮನ್ ಕಾಯ್ದೆಗೂ ಇವನಿಗೂ ಸಂಬಂಧ ಇಲ್ಲ, ಹೆಸರು ಕೂಡಿಬಂದದ್ದಷ್ಟೇ.) ಸಾಹುಕಾರನಲ್ಲ, ಕೊಡಾಕ್ ಕ್ಯಾಮೆರಾ ಕಂಪನಿಯಲ್ಲಿ ಸಂಬಳದ ನೌಕರ. ಮನೆಯನ್ನು ಅಡ ಇಟ್ಟು ಕೈರೋಗೆ ಹೋದ. ಗುಡ್ಡೆಯಲ್ಲಿ ಏನಿದೆ ಎಂದು ಓದಿಕೊಂಡು ಹೋಗಿದ್ದ. 635 ಡಾಲರ್‌ಗೆ ಕೊಂಡ 1833ರ ಒಂದು ಚಿನ್ನದ ನಾಣ್ಯ ಅವನು ಸತ್ತ ಮೇಲೆ, 1997ರಲ್ಲಿ, 4,67,500 ಡಾಲರ್‌ಗೆ ಹೋಯಿತು. ಮಾರಿದ ಸರ್ಕಾರಕ್ಕೆ ಯಾವ ಗುಡ್ಡೆಯಲ್ಲಿ ಏನಿತ್ತು ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಗಡಿಗೆಯನ್ನು ಹಾಗೇ ಬೋರಲು ಹಾಕಿ ಒಟ್ಟು ತೂಕ ಎಷ್ಟು ಎಂದು ಕೇಳುವ ನಮ್ಮ ಪದ್ಧತಿಗೂ ಅದಕ್ಕೂ ಹೆಚ್ಚು ದೂರ ಇಲ್ಲ.

ದೊಡ್ಡವರ ಕಥೆ ನಮ್ಮ ನೆರೆಯಲ್ಲೂ ಇದೆ. ಜಹಾಂಗೀರ ಬಾದಶಹ 1613ರಲ್ಲಿ ಆಗ್ರಾದಲ್ಲಿ ಸಾವಿರ ಮೊಹರಿನ ಒಂದು ಚಿನ್ನದ ನಾಣ್ಯ ಹೊಡೆಸಿದ್ದ. ತೂಕ ಸುಮಾರು 12 ಕಿಲೋ, ಅಗಲ ಸುಮಾರು 20 ಸೆಂಟಿಮೀಟರ್, ಊಟದ ಚಿಕ್ಕ ತಟ್ಟೆಯಷ್ಟು. ಹೈದರಾಬಾದ್ ನಿಜಾಮರ ಮನೆತನದಲ್ಲಿತ್ತು ಎಂದು ಹೇಳಲಾದ ಅದು 1987ರಲ್ಲಿ ಸ್ವಿಟ್ಜರ್ಲೆಂಡ್‌ನ ಜಿನೀವಾ ಹರಾಜಿನಲ್ಲಿ ಕಾಣಿಸಿತು. ಮಾರಾಟ ಆಗಲಿಲ್ಲ. ಆಮೇಲೆ ಅದು ಸಾರ್ವಜನಿಕರ ಕಣ್ಣಿಗೆ ಬೀಳಲೇ ಇಲ್ಲ. ಸಿಬಿಐ ಕೂಡ ಹುಡುಕಿತು.

ಬೆಲೆಯ ಮಾತು ಬಿಡೋಣ. ನಾಣ್ಯ ಕರಗಿದಾಗ ಹೋಗುವ ಇನ್ನೊಂದು ವಸ್ತು ಇದೆ, ಅದು ಸುದ್ದಿ. ಪತ್ರಿಕೋದ್ಯಮ ಓದಿದವರಾದ್ದರಿಂದಲೋ ಏನೋ, ನಮಗೆ ಇದೇ ಹೆಚ್ಚು ಕಾಡುತ್ತದೆ.

1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ನೆಲ ಅಗೆಯುವಾಗ ರೋಮ್ ಸಾಮ್ರಾಜ್ಯದ 163 ಬೆಳ್ಳಿ ನಾಣ್ಯ ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇನ್ನೂ 256 ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕಿವೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಚಿನ್ನದವೇ ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆ ನಮ್ಮ ಬಯಲುಸೀಮೆಗೂ ಸಮುದ್ರದಾಚೆಯ ರೋಮಿಗೂ ಕೊಡು ಕೊಳ್ಳುವಿಕೆಯ ನಂಟು ತಲುಪಿತ್ತು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಈ ನಾಣ್ಯಗಳು ಪತ್ತಾರನ ಕುಲುಮೆಗೆ ಬೀಳದೆ ಉಳಿದದ್ದರಿಂದ. ಇವು ತೂಕಕ್ಕೆ ಹೋಗಿದ್ದರೆ ನಾಲ್ಕಾರು ಜೊತೆ ಕಾಲುಂಗುರ ಆಗುತ್ತಿತ್ತು ಅಷ್ಟೇ.

ಮೈಸೂರಿನ ಕಂಠೀರವ ನರಸರಾಜ ಒಡೆಯರು 1638ರಿಂದ 1659ರವರೆಗೆ ಆಳಿದವರು. ಅವರ ಕಂಠೀರಾಯಿ ಹಣ ಅರ್ಧ ಗ್ರಾಂಗೂ ಕಡಿಮೆ ತೂಕದ ಚಿನ್ನದ ಚುಕ್ಕೆ. ಅಷ್ಟರಲ್ಲೇ ನರಸಿಂಹನ ರೂಪ ಕೂರಿಸಿದ್ದಾರೆ. ಚಿನ್ನದ ತೂಕಕ್ಕೆ ಹಾಕಿದರೆ ಅದಕ್ಕೇನೂ ಸಿಗುವುದಿಲ್ಲ. ಟಿಪ್ಪು ಸುಲ್ತಾನನ ಆನೆ ದುಡ್ಡು ತಾಮ್ರದ್ದು, ಹಿತ್ತಾಳೆ ಪಾತ್ರೆಯವನಿಗೆ ಹೋದದ್ದೇ ಹೆಚ್ಚು. ಟಿಪ್ಪು 1787ರ ಸುಮಾರಿಗೆ ತನ್ನದೇ ಹೊಸ ಶಕೆ ತಂದು, ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ಸಾಧಾರಣ ಓದಿಗೆ 5121 ಎಂದು ಕಾಣುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಮಯಿಲಿ ಕಾಸು ಎಂದು ಕನ್ನಡದಲ್ಲೇ ಇದೆ. ನಮ್ಮದೇ ಲಿಪಿಯಲ್ಲಿ ಬರೆದ ನಾಣ್ಯವನ್ನು ಓದದೆ ಗುಜರಿಗೆ ಹಾಕುವುದು ಸಣ್ಣ ನಷ್ಟವಲ್ಲ.

ನೆಲದಲ್ಲಿ ನಾಣ್ಯ ಸಿಕ್ಕರೆ ಜನ ಹೆದರುವುದು ನಿಜ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಹೇಳಿದರೆ ಪೊಲೀಸರು ಬರುತ್ತಾರೆ, ಹೊಲ ಅಗೆಯುತ್ತಾರೆ, ಕೈಗೆ ಏನೂ ಉಳಿಯುವುದಿಲ್ಲ ಎಂಬ ಭಯದಲ್ಲಿ ರಾತ್ರೋರಾತ್ರಿ ಕರಗಿಸುತ್ತಾರೆ. ಅಡಗಿಸಿದ ತಪ್ಪಿಗೆ ಶಿಕ್ಷೆ ಇದೆ, ಹಾಗೇ ತಿಳಿಸಿದವರಿಗೆ ಪಾಲು ಸಿಗುವ ದಾರಿಯೂ ಕಾಯ್ದೆಯಲ್ಲೇ ಇದೆ. ಎರಡನೆಯದನ್ನು ಹಳ್ಳಿಗಳಲ್ಲಿ ಹೇಳುವವರು ಕಡಿಮೆ. ಮನೆತನದಿಂದ ಬಂದ ರೂಪಾಯಿ ಬೇರೆ, ಅದು ನಿಮ್ಮದೇ. ಆದರೆ ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ.

ಇನ್ನು ಫೋನಿಗೆ ಬರುವ ವಿಡಿಯೊಗಳ ವಿಷಯ. ವೈಷ್ಣೋದೇವಿ ಇರುವ ಐದು ರೂಪಾಯಿಗೆ ಐದು ಲಕ್ಷ ಎನ್ನುತ್ತಾರೆ. ಅದು 2012ರಲ್ಲಿ ಬಂದ ನಾಣ್ಯ, ಬೇಕಾದಷ್ಟಿವೆ. ರಾಮ, ಸೀತೆ, ಹನುಮಂತ ಇರುವ 1818ರ ಈಸ್ಟ್ ಇಂಡಿಯಾ ಕಂಪನಿಯ ತಾಮ್ರದ ನಾಣ್ಯ ಎಂದು ತೋರಿಸುತ್ತಾರೆ. ಕಂಪನಿ ಅಂಥದ್ದನ್ನು ಹೊಡೆಸಲೇ ಇಲ್ಲ, ಅದು ಆಮೇಲೆ ಯಾರೋ ಮಾಡಿದ ಬಿಲ್ಲೆ. ನಾಣ್ಯ ಕೊಳ್ಳುತ್ತೇವೆ, ಮೊದಲು ನೋಂದಣಿ ಶುಲ್ಕ ಹಾಕಿ, ಆಮೇಲೆ ಜಿಎಸ್‌ಟಿ ಹಾಕಿ ಎಂದು ಕೇಳುವವರು ಕೊಳ್ಳುವವರಲ್ಲ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ಮೋಸ ಮಾಡುತ್ತಿದ್ದಾರೆ, ತಾನು ಇಂಥ ವ್ಯವಹಾರಕ್ಕೆ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ.

ಮನೆಯಲ್ಲಿ ಬೆಳ್ಳಿ ರೂಪಾಯಿ ಇದ್ದು, ಮಾರಲೇಬೇಕಾಗಿ ಬಂದರೂ, ಮೊದಲು ಒಂದು ಸಂಜೆ ಅದಕ್ಕೆ ಕೊಡಿ. ಹುಣಸೆಹಣ್ಣು, ಬೂದಿ, ಟೂತ್‌ಪೇಸ್ಟ್ ಹಾಕಿ ತಿಕ್ಕಬೇಡಿ. ಕಪ್ಪಾದ ನಾಣ್ಯಕ್ಕೆ ಕೊಡುವ ಬೆಲೆಯನ್ನು ತಿಕ್ಕಿ ಹೊಳಪಿಸಿದ ನಾಣ್ಯಕ್ಕೆ ಯಾವ ಸಂಗ್ರಾಹಕನೂ ಕೊಡುವುದಿಲ್ಲ. ಹಗಲು ಬೆಳಕಲ್ಲಿ ಎರಡೂ ಮುಖದ ಫೋಟೊ ತೆಗೆಯಿರಿ. ಇಸವಿ ಓದಿ. 1911 ಇದ್ದರೆ ದೊರೆಯ ಎದೆಯ ಹತ್ತಿರದ ಆನೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. 1939 ಇದ್ದರೆ ಒಮ್ಮೆಲೇ ಕುಣಿಯಬೇಡಿ, 1938ರ ಕೊನೆಯ ಅಂಕಿ ತಿದ್ದಿದ ಕಳ್ಳ ನಾಣ್ಯಗಳು ಸಾಕಷ್ಟಿವೆ. ಅಂಚನ್ನು ನೋಡಿ. ಹಳೆಯ ಬೆಳ್ಳಿ ರೂಪಾಯಿಯ ಅಂಚಿಗೆ ಬರೀ ನೇರ ಗೀರುಗಳು. ಅರ್ಧ ಬೆಳ್ಳಿಯ ಹೊಸ ರೂಪಾಯಿ ಬಂದಾಗ ಕಳ್ಳ ನಾಣ್ಯ ತಡೆಯಲು ಅಂಚಿನ ನಡುವೆ ಒಂದು ತಗ್ಗು ಪಟ್ಟಿ ಸೇರಿಸಿದರು. ಸಣ್ಣ ತಕ್ಕಡಿಯಲ್ಲಿ 11.6 ಗ್ರಾಂ ಆಸುಪಾಸು ತೂಗಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. ಒಬ್ಬನೇ ಸರಾಫನ ಮಾತಿಗೆ ಕಟ್ಟುಬೀಳದೆ ನಾಣ್ಯ ಬಲ್ಲವರು ಇಬ್ಬರಿಗಾದರೂ ತೋರಿಸಿ.

ಕೊಂಡಿ ಬೆಸೆದ ರೂಪಾಯಿಯನ್ನು ಸಂಗ್ರಾಹಕರು ಕೆಟ್ಟ ನಾಣ್ಯ ಎಂದು ಪಕ್ಕಕ್ಕೆ ಸರಿಸುತ್ತಾರೆ. ಬೆಸುಗೆಯ ಕಲೆ ಇದೆ, ಅಂಚು ಕೆಟ್ಟಿದೆ, ಬೆಲೆ ಇಲ್ಲ. ಅವರ ಲೆಕ್ಕದಲ್ಲಿ ಅದು ಸರಿ. ಆದರೆ 1941ರಲ್ಲಿ ರೂಪಾಯಿ ರದ್ದಾದಾಗ ಖಜಾನೆಗೆ ಹೋಗದೆ, 1972ರ ಬರದಲ್ಲೂ ಹೇಗೋ ಉಳಿದು ಬಂದದ್ದು ಹಲವು ಸಲ ಆ ಕೊಂಡಿಯ ದೆಸೆಯಿಂದ. ಅಂಥದೊಂದು ಮನೆಯಲ್ಲಿದ್ದರೆ ಫೋಟೊದ ಜೊತೆ ಒಂದು ಚೀಟಿಯನ್ನೂ ಬರೆದಿಡಿ. ಯಾರ ಸರದ್ದು, ಯಾವ ಊರಿನ ತವರಿನಿಂದ ಬಂತು, ಸರದಲ್ಲಿ ಎಷ್ಟಿದ್ದವು, ಉಳಿದವು ಯಾವ ವರ್ಷ ಹೋದವು.